ತಲೆಗಿಷ್ಟು ಎಂದು ಹಂಚಿದಾಗ

ಫೆಬ್ರವರಿ ೧೧

ರೀ,

ನಾವು ಬಂದು ತಲುಪಿ ಎರಡು ವಾರವಾಯಿತು. ಮೊದಲೇ ಬರೆಯಬೇಕಿತ್ತು. ಬರೆಯಲು ಕೂತಾಗಲೆಲ್ಲ ರೈಲು ನಿಲ್ದಾಣದಲ್ಲಿ ನೀವು ಚೂಟಿಯ ಕೋಟಿನ ಗುಂಡಿ ಹಾಕಿ, ಬಿಚ್ಚಿ, ಮತ್ತೆ ಹಾಕುತ್ತಿದ್ದುದೇ ಕಣ್ಣ ಮುಂದೆ ಬರುತ್ತಿತ್ತು. ನನ್ನೊಡನೆ ಒಂದು ಮಾತೂ ಆಡಲಿಲ್ಲ ನೀವು. ಇರಲಿ.

ಕೋಣೆ ಸಿಕ್ಕಿದೆ. ಕೆಳಗೆ ಸೈಕಲ್ ರಿಪೇರಿ ಅಂಗಡಿ, ಮೇಲೆ ನಾವು. ಬೆಳಗಿನಿಂದ ಸುತ್ತಿಗೆಯ ಸದ್ದು. ಮಗುವಿಗೆ ಅದರಿಂದ ತೊಂದರೆಯಿಲ್ಲ ಎಂದು ಬರೆಯಹೊರಟವಳಿಗೆ ಕೈ ನಿಂತಿತು. ಅವಳು ನೆಲಕ್ಕೆ ಅಂಗೈ ಊರಿ, "ಅಮ್ಮ, ಕೆಳಗೆ ಏನೋ ಬಡೀತಿದಾರೆ" ಅನ್ನುತ್ತಾಳೆ.

ಆಸ್ಪತ್ರೆಯಲ್ಲಿ ಚಿಕ್ಕ ವಯಸ್ಸಿನ ಡಾಕ್ಟರಮ್ಮ. ಬಹಳ ಹೊತ್ತು ನೋಡಿದರು. "ಎಡಗಿವಿ ಹೋಗಿದೆ. ಬಲಗಿವಿ ಹೋಗ್ತಾ ಇದೆ. ಪೂರ್ತಿ ಹೋಗಿ ಮಾತೂ ಮರೆಯೋದಕ್ಕೆ ಮುಂಚೆ ಒಳಗೆ ಯಂತ್ರ ಕೂರಿಸ್ಬೇಕು" ಎಂದರು. ಕಿವಿಯ ಹಿಂದೆ, ಚರ್ಮದ ಕೆಳಗೆ. ಈ ದೇಶದ ಪ್ರಜೆಗಳ ಮಕ್ಕಳಿಗೆ ಉಚಿತ. ಹೊರಗಿನವರಿಗೆ ಎಷ್ಟು ಎಂದು ಒಂದು ಸಲ ಕೇಳಿದೆ, ಇನ್ನೊಂದು ಸಲ ಕೇಳುವ ಧೈರ್ಯವಾಗಲಿಲ್ಲ. ಹುಟ್ಟಿದ ಊರೆಂದು ನನಗೆ ನನ್ನ ಪೌರತ್ವ ಹಿಂದಕ್ಕೆ ಸಿಕ್ಕಿತು. ಚೂಟಿ ಮಾತ್ರ ನಿಮ್ಮ ದೇಶದವಳು.

ಮದುವೆಗೆ ಮುಂಚೆ ಇದ್ದ ಅಂಕಿಅಂಶ ಕಚೇರಿಯಲ್ಲೇ ಗುತ್ತಿಗೆ ಕೆಲಸ ಕೊಟ್ಟರು. ಈಗ ಮೇಜಿನ ಮುಂದೆ ಅಲ್ಲ, ಬೀದಿಯಲ್ಲಿ. ಅಂಗಡಿ ಅಂಗಡಿ ತಿರುಗಿ ಬೆಲೆ ಬರೆದುಕೊಂಡು ಬರುವುದು. ನಾನು ಕೆಲಸ ಕಲಿಸಿದ ಹುಡುಗಿ ಈಗ ನನಗೆ ಮೇಲಧಿಕಾರಿ.

ಫೋನು ಬೇಡ. ಅದರಲ್ಲಿ ಅವಳಿಗೆ ಕೇಳಿಸುವುದಿಲ್ಲ, ನಮ್ಮಿಬ್ಬರಿಗೆ ಜಗಳ ಬಿಟ್ಟು ಬೇರೇನೂ ಬರುವುದಿಲ್ಲ. ಕಾಗದ ಬರೆಯಿರಿ. ನಿಮ್ಮ ಅಕ್ಕನನ್ನು ಆಗಾಗ ಮಗ್ಗುಲು ಬದಲಿಸಿ ಮಲಗಿಸಿ, ಬೆನ್ನು ಹುಣ್ಣಾದೀತು.

ನಿಮ್ಮವಳು


ಫೆಬ್ರವರಿ ೨೮

ಇವಳೇ,

ಅಕ್ಕನ ಬೆನ್ನು ಚೆನ್ನಾಗಿದೆ. ಬಾಯಿ ಒಂದು ಕಡೆಗೆ ವಾಲಿದ್ದರೂ ನಾಲಿಗೆ ನೆಟ್ಟಗಿದೆ. ನಿನ್ನೆ ಹಾಸಿಗೆ ಬದಲಿಸುತ್ತಿದ್ದಾಗ, "ಹೆಂಡತಿ ಮಗೂನ ಗಾಡಿ ಹತ್ತಿಸಿ ನನ್ನ ಬಟ್ಟೆ ಒಗೀತಾ ಕೂತಿದ್ದೀಯಲ್ಲ, ನಿನ್ನಂಥ ಪೆದ್ದ ನಮ್ಮ ವಂಶದಲ್ಲೇ ಹುಟ್ಟಿಲ್ಲ" ಎಂದಳು. ಅವ್ವ ಹೋದ ಮೇಲೆ ಮದುವೆಯನ್ನೂ ಬಿಟ್ಟು ನನ್ನನ್ನು ಸಾಕಿದವಳು. ಅವಳನ್ನು ಯಾರ ಕೈಗೆ ಕೊಟ್ಟು ಬರಲಿ, ಹೇಳು.

ವಾರ್ಷಿಕ ವರದಿಯ ಕಾಲ. ಎರಡು ದೇಶಗಳ ತಲಾ ಆದಾಯದ ಗೆರೆಗಳನ್ನು ಈ ಸಲವೂ ಎಳೆದೆ. ನಾವು ಮೊದಲು ಕಂಡ ಆ ತರಬೇತಿ ಶಿಬಿರದಲ್ಲಿ ನಿನ್ನ ದೇಶದ ಗೆರೆ ನಮ್ಮದಕ್ಕಿಂತ ಎಷ್ಟೋ ಕೆಳಗಿತ್ತು. ಚಹಾ ಕುಡಿಯುತ್ತ ನೀನು, "ನೋಡ್ತಾ ಇರಿ, ಹಿಂದೆ ಹಾಕ್ತೀವಿ" ಎಂದೆ. ಈ ಸೊಕ್ಕಿನವಳು ಯಾರಪ್ಪ ಎಂದುಕೊಂಡಿದ್ದೆ. ಚೂಟಿ ಹುಟ್ಟಿದ ವರ್ಷ ಎರಡೂ ಗೆರೆ ಒಂದೇ ಬಿಂದುವಿಗೆ ಬಂದವು. ಆಮೇಲೆ ನಿಮ್ಮದು ಏಣಿ ಹತ್ತಿತು, ನಮ್ಮದು ಜಾರುಬಂಡೆ. ಈಗ ನಿಮ್ಮಲ್ಲಿ ತಲೆಗೆ ಬೀಳುವುದು ನಮ್ಮ ಮೂರು ಪಟ್ಟಿಗೆ ಹತ್ತಿರ.

ವಿನಿಮಯ ದರ ನಂಬಿ ಹೋಲಿಸಿದರೆ ಲೆಕ್ಕ ಸುಳ್ಳು ಹೇಳುತ್ತದೆ. ದುಡ್ಡಿಗೆ ಅಲ್ಲಿ ಏನು ಬರುತ್ತದೆ ಎಂದು ತಿಳಿಯಬೇಕು. ಹೇಗೂ ನೀನು ಬೆಲೆ ಬರೆಯುವ ಕೆಲಸದಲ್ಲಿದ್ದೀಯ. ಬ್ರೆಡ್ಡು, ಬಸ್ಸು, ಕ್ಷೌರ, ಮಕ್ಕಳ ಬೂಟು, ಇಷ್ಟರ ಬೆಲೆ ಬರೆದು ಕಳಿಸುತ್ತೀಯಾ?

ಎಂದಿನಂತೆ,
ನಾನು


ಮಾರ್ಚ್ ೧೬

ರೀ,

ಬ್ರೆಡ್ಡು, ಬಸ್ಸು, ಕ್ಷೌರದ ಬೆಲೆ ಬೇರೆ ಹಾಳೆಯಲ್ಲಿದೆ. ಬೂಟಿನದು ಬರೆದಿಲ್ಲ. ನೀವು ಕೇಳಬೇಕಾಗಿದ್ದುದು ಬೂಟಿನ ಅಳತೆ, ಬೆಲೆಯಲ್ಲ. ನಿಮ್ಮ ಮಗಳ ಕಾಲು ಒಂದು ಅಳತೆ ಬೆಳೆದಿದೆ.

ನಿಮ್ಮ ಸ್ವಭಾವ ನನಗೆ ಹೊಸದಲ್ಲ. ಮನೆಯಲ್ಲಿ ಯಾರಿಗಾದರೂ ಜ್ವರ ಬಂದರೆ ಹಣೆ ಮುಟ್ಟುವ ಮೊದಲು ಥರ್ಮಾಮೀಟರು ಹುಡುಕುವವರು ನೀವು. ಆದರೂ ಕಾಗದ ಒಡೆದು ಬ್ರೆಡ್ಡಿನ ಬೆಲೆ ಕೇಳಿದ್ದು ಓದಿದಾಗ, ಸೈಕಲ್ ಅಂಗಡಿಯವನ ಎದುರಿಗೇ ಅತ್ತೆ. ಪಾಪ, ಅವನು ಕೈಯ ಗ್ರೀಸು ಒರೆಸಿಕೊಂಡು ಸ್ಟೂಲು ಕೊಟ್ಟ.

ಈಗ ಮುಖ್ಯ ವಿಷಯ. ವಕೀಲರನ್ನು ಕಂಡಿದ್ದೆ. ಹೊರದೇಶದ ತಂದೆಯ ಮಗುವಿಗೆ ಇಲ್ಲಿಯ ಪೌರತ್ವ ಸಿಗಬೇಕಾದರೆ ಮಗುವಿನ ಹೊಣೆ ಪೂರ್ತಿ ತಾಯಿಯೊಬ್ಬಳದೇ ಆಗಿರಬೇಕಂತೆ. ಗಂಡ ಇರುವ ತನಕ ಅದು ಸಾಧ್ಯವಿಲ್ಲ. "ಕಾಗದದ ಮೇಲೆ ಬೇರೆಯಾಗಿಬಿಡಿ. ಎಷ್ಟೋ ಜನ ಹಾಗೇ ಮಾಡ್ತಾರೆ. ಮನೆಯೊಳಗೆ ಯಾರು ಬಂದು ನೋಡ್ತಾರೆ?" ಎಂದರು ಆತ. ನಮ್ಮ ಮನೆ ಎರಡು ದೇಶದಲ್ಲಿದೆ ಎಂದು ನಾನು ಹೇಳಲಿಲ್ಲ.

ಯೋಚಿಸಿ ಬರೆಯಿರಿ. ಬೇಗ ಯೋಚಿಸಿ.

ನಿಮ್ಮವಳು


ಏಪ್ರಿಲ್ ೨೧

ಇವಳೇ,

ಬರೆದೆ, ಹರಿದೆ. ಅದಕ್ಕೇ ತಡವಾಯಿತು.

ಮುಂದಿನ ಬಜೆಟ್ಟಿನಲ್ಲಿ ಇಲ್ಲಿಯ ದೊಡ್ಡಾಸ್ಪತ್ರೆಗೂ ಕಿವಿಯ ವಿಭಾಗ ಬರುತ್ತದೆಂದು ಆರೋಗ್ಯ ಇಲಾಖೆಯ ಗುಮಾಸ್ತರು ಹೇಳಿದರು. ಒಂದು ವರ್ಷ ಕಾದು ನೋಡಬಹುದೇ? ನಮ್ಮ ಗೆರೆಯೂ ಈ ಸಲ ಬೀಳುವುದು ನಿಂತಿದೆ. ಏರಿಲ್ಲ, ನಿಂತಿದೆ.

ಕಚೇರಿಯ ಮಾತು ಕೇಳು, ನಗು ಬಂದೀತು. ನಿರ್ದೇಶಕರು ನನ್ನ ಗ್ರಾಫನ್ನು ಬಹಳ ಹೊತ್ತು ನೋಡಿ, "ಈ ಎರಡನೇ ದೇಶ ಯಾಕ್ರೀ ಬೇಕು?" ಎಂದರು.

"ಇಪ್ಪತ್ತು ವರ್ಷದಿಂದ ಇದೆ ಸರ್. ಪಕ್ಕದ ದೇಶ, ಒಂದೇ ಭಾಷೆ, ಒಂದೇ ಹವೆ. ಹೋಲಿಸೋಕೆ ಸರಿಯಾದದ್ದು."

"ಹೋಲಿಸೋದೇ ಆದ್ರೆ ನಮಗಿಂತ ಕೆಳಗಿರೋರ ಜೊತೆ ಹೋಲಿಸಿ. ಮನಸ್ಸಿಗೂ ಹಿತ, ಮಂತ್ರಿಗಳಿಗೂ ಹಿತ."

ನಿನ್ನ ದೇಶದ ಗೆರೆಯನ್ನು ವರದಿಯಿಂದ ತೆಗೆದರು. ನಾನು ವಾದ ಮಾಡಲಿಲ್ಲ. ಅಚ್ಚಿಗೆ ಹೋಗದಿದ್ದರೂ ಆ ಪಟ್ಟಿಯನ್ನು ನಾನು ಮನೆಯಲ್ಲಿ ಮುಂದುವರಿಸುತ್ತಿದ್ದೇನೆ.

ಕಾಗದದ ಮೇಲೆ ಬೇರೆಯಾಗುವ ಮಾತು ನನಗೆ ಹಿಡಿಸಲಿಲ್ಲ. ನನ್ನ ಇಡೀ ಕೆಲಸವೇ ಕಾಗದದ ಮೇಲೆ. ಅಲ್ಲಿ ಬರೆದದ್ದು ನಿಜವಾಗಿಬಿಡುವುದನ್ನು ನೋಡಿದ್ದೇನೆ.

ನಾನು


ಮೇ ೬

ರೀ,

ಒಂದು ವರ್ಷ ನೀವು ಕಾಯುತ್ತೀರಿ, ನಾನೂ ಕಾದೇನು. ಕಿವಿ ಕಾಯುವುದಿಲ್ಲ.

ಇದರ ಜೊತೆ ಅವಳ ಕಾಗದವಿದೆ. ನಾನು ತಿದ್ದಿಲ್ಲ.

ನಿಮ್ಮವಳು


ಅಪ್ಪ,

ಹೇಗಿದ್ದೀಯ? ಅತ್ತೆ ಈಗಲೂ ಎಲ್ಲರಿಗೂ ಬೈತಾಳಾ? ನನಗೆ ಸೈಕಲ್ ಅಂಗಡಿಯ ಮಾಮ ಪಂಕ್ಚರ್ ಹಾಕಲು ಕಲಿಸಿದ. ಟ್ಯೂಬನ್ನು ನೀರಿನಲ್ಲಿ ಮುಳುಗಿಸಿದರೆ ತೂತಿನಿಂದ ಗುಳ್ಳೆ ಬರುತ್ತದೆ, ಅದಕ್ಕೆ ಕಿವಿ ಬೇಕಾಗಿಲ್ಲ.

ಹೋದ ವಾರ ನೀರಿನ ಸದ್ದು ಹೋಯಿತು. ನಲ್ಲಿ ತಿರುಗಿಸಿದೆ, ನೀರು ಬಂತು, ಸದ್ದು ಬರಲಿಲ್ಲ. ಅಮ್ಮನಿಗೆ ಹೇಳಿಲ್ಲ. ನೀನೂ ಹೇಳಬೇಡ.

ಅಮ್ಮ ಮಾತಾಡಿದ್ದು ತುಟಿ ನೋಡಿ ಗೊತ್ತಾಗುತ್ತದೆ. ನಿನ್ನ ತುಟಿ ಮೀಸೆಯೊಳಗೆ ಇದೆ. ಬರುವಾಗ ಮೀಸೆ ತೆಗೆದು ಬಾ.

ನಮ್ಮ ಭೂಗೋಳದ ಪುಸ್ತಕದಲ್ಲಿ ತಲಾ ಆದಾಯ ಇದೆ. ಇವರ ದೇಶದ್ದು ದೊಡ್ಡ ಕಂಬ, ನಮ್ಮದು ಗಿಡ್ಡ ಕಂಬ. ಪಕ್ಕದ ಹುಡುಗಿ ಹಾಳೆಯಲ್ಲಿ "ಹಾಗಾದರೆ ನೀನು ಮೂರನೇ ಒಂದು ಭಾಗ" ಎಂದು ಬರೆದು ತೋರಿಸಿದಳು. ಎಲ್ಲರೂ ನಕ್ಕರು. ನಗು ಕೇಳಿಸಲಿಲ್ಲ, ಕಂಡಿತು.

ನನ್ನ ಪ್ರಶ್ನೆ: ದೇಶದ ಆದಾಯವನ್ನು ಜನರಿಂದ ಭಾಗಿಸುವಾಗ ನನ್ನನ್ನು ಯಾವ ಕಡೆ ಎಣಿಸುತ್ತಾರೆ?

ಚೂಟಿ


ಜೂನ್ ೨

ಚೂಟಿ,

ಒಳ್ಳೆಯ ಪ್ರಶ್ನೆ. ನಮ್ಮ ಕಚೇರಿಯಲ್ಲಿ ಇದನ್ನು ಕೇಳಿದವರು ಕಡಿಮೆ.

ಒಬ್ಬರು ಒಂದು ವರ್ಷಕ್ಕಿಂತ ಹೆಚ್ಚು ಎಲ್ಲಿ ವಾಸ ಮಾಡುತ್ತಾರೋ ಅವರನ್ನು ಅಲ್ಲಿಯವರೆಂದು ಎಣಿಸುವುದು ಪದ್ಧತಿ. ಅಂದರೆ ವರ್ಷ ತುಂಬಿದ ಮೇಲೆ ನಿನ್ನನ್ನೂ ಅಮ್ಮನನ್ನೂ ಆ ಕಡೆಯ ಲೆಕ್ಕಕ್ಕೆ ಬಿಡಬೇಕು. ಭಾಗಿಸುವ ಸಂಖ್ಯೆಯಲ್ಲಿ ಇಬ್ಬರು ಕಡಿಮೆಯಾದರೆ ಇಲ್ಲಿ ಉಳಿದವರ ಪಾಲು ಕೂದಲೆಳೆಯಷ್ಟು ಹೆಚ್ಚುತ್ತದೆ. ಲೆಕ್ಕದ ಪ್ರಕಾರ ನೀವು ಹೋದದ್ದರಿಂದ ನಾನು ಒಂದು ಎಳೆಯಷ್ಟು ಶ್ರೀಮಂತನಾದೆ. ಲೆಕ್ಕದಲ್ಲಿ ತಪ್ಪಿಲ್ಲ, ನಾನು ಎರಡು ಸಲ ಮಾಡಿ ನೋಡಿದೆ.

ಆ ಹುಡುಗಿಗೆ ಹೇಳು, ಕಂಬ ಸರಾಸರಿಯದು. ಸರಾಸರಿ ಎಂಬ ಮನುಷ್ಯ ಯಾರ ಮನೆಯಲ್ಲೂ ಹುಟ್ಟಿಲ್ಲ, ಯಾರ ಜೊತೆಗೂ ಉಂಡಿಲ್ಲ. ನೀನು ಹುಟ್ಟಿದ್ದೀಯ, ಇಡಿಯಾಗಿ ಒಬ್ಬಳು.

ಮೀಸೆ ತೆಗೆದೆ. ನಿನ್ನತ್ತೆ ನಕ್ಕು ನಕ್ಕು ಕೆಮ್ಮಿದಳು. "ಮೂತಿ ಬೋಳಿಸಿದ ಆಡಿನ ಹಾಗಿದೆ" ಅಂತೆ.

ನೀರಿನ ವಿಷಯ ಅಮ್ಮನಿಗೆ ನಾನು ಹೇಳುವುದಿಲ್ಲ, ನೀನೇ ಹೇಳು. ಜೊತೆಗೆ ಇದನ್ನೂ ಹೇಳು: ವಕೀಲರ ಕಾಗದಗಳನ್ನು ಕಳಿಸಲಿ. ಸಹಿ ಹಾಕುತ್ತೇನೆ.

ಅಪ್ಪ


ಜುಲೈ ೧೯

ಇವಳೇ,

ಮುಗಿಯಿತು. ತೀರ್ಪಿನ ನಕಲು ಇದರೊಳಗಿದೆ.

ಕೋರ್ಟಿನ ಬೆಂಚಿನ ಮೇಲೆ ನನ್ನ ಪಕ್ಕ ಒಂದು ಜೋಡಿ, ರೆಫ್ರಿಜರೇಟರ್ ಯಾರಿಗೆ ಎಂದು ಜಗಳವಾಡುತ್ತಿತ್ತು. "ಬಾಗ್ಲು ನೆಟ್ಟಗೆ ಹಾಕೋಕೆ ಬರದವಳಿಗೆ ಫ್ರಿಜ್ ಬೇರೆ ಕೇಡು" ಎಂದು ಗಂಡ. ಅವರನ್ನು ಕಂಡು ಹೊಟ್ಟೆ ಉರಿಯಿತು. ಜಗಳಕ್ಕೆ ಅವರಿಗೆ ಎದುರಿಗೆ ಒಬ್ಬರಿದ್ದರು.

ನ್ಯಾಯಾಧೀಶರು ವಯಸ್ಸಾದ ಹೆಂಗಸು. "ಜಗಳ ಏನು?" ಎಂದರು.

"ಜಗಳ ಇಲ್ಲ."

"ಜಗಳ ಇಲ್ದೆ ಯಾಕಪ್ಪ ಬಿಡ್ತೀಯ?"

ವಕೀಲರು ಮೊಣಕೈ ತಿವಿದರು. "ಹೊಂದಾಣಿಕೆ ಇಲ್ಲ ಮೇಡಂ" ಎಂದೆ. ಹದಿಮೂರು ವರ್ಷದ ಸಂಸಾರದಲ್ಲಿ ನಿನ್ನ ಮೇಲೆ ನಾನು ಹೇಳಿದ ಮೊದಲ ದೂರು ಅದು, ಅದೂ ಸುಳ್ಳು.

ಮಗುವಿನ ಮೇಲಿನ ಹಕ್ಕು ಬಿಟ್ಟುಕೊಡುವ ಪತ್ರ ಬಂದಾಗ ಆಕೆ ಕನ್ನಡಕ ತೆಗೆದಿಟ್ಟರು. "ಓದಿದ್ದೀರಾ?"

"ಓದಿದೀನಿ."

"ಇನ್ನೊಂದ್ಸಲ ಓದಿ. ನಂಗೇನೂ ಅವಸರ ಇಲ್ಲ."

ಓದಿದೆ. ಸಹಿ ಹಾಕಿದೆ. ಮನೆಗೆ ಬಂದು ಅಕ್ಕನಿಗೆ ಹಾಲು ಕುಡಿಸುವಾಗ, ಏನೂ ಹೇಳದಿದ್ದರೂ ಅವಳು ನನ್ನ ಮಣಿಕಟ್ಟು ಹಿಡಿದುಕೊಂಡಳು, ಹಾಲು ಆರುವ ತನಕ ಬಿಡಲಿಲ್ಲ.

ಇದು ಕಾಗದದ ಮಾತು ಅಷ್ಟೇ, ಅಲ್ಲವೇ? ಕಿವಿಯ ಕೆಲಸವೆಲ್ಲ ಮುಗಿದ ಮೇಲೆ ಮತ್ತೆ ನೋಂದಾಯಿಸಿಕೊಳ್ಳೋಣ. ಇದಕ್ಕೊಂದು ಉತ್ತರ ಬರೆ.

ನಾನು


ಸೆಪ್ಟೆಂಬರ್ ೪

ರೀ,

ಚೂಟಿಗೆ ಪೌರತ್ವ ಬಂತು. ಕಚೇರಿಯವನು ಅವಳ ಕೈಕುಲುಕಿ ಏನೋ ಹೇಳಿದ. ಅವಳು ಅವನ ತುಟಿ ನೋಡಿ, "ನಾನು ಮೊದಲೂ ಚೆನ್ನಾಗೇ ಇದ್ದೆ" ಎಂದಳು. ಅವನು ಹೇಳಿದ್ದು ಅಭಿನಂದನೆ ಎಂದಷ್ಟೇ. ಅವಳಿಗೆ ಏನು ಕಂಡಿತೋ.

ಅಕ್ಟೋಬರ್ ಹತ್ತೊಂಬತ್ತಕ್ಕೆ ಶಸ್ತ್ರಚಿಕಿತ್ಸೆ. ಬಲಗಿವಿಯೂ ಈಗ ಇಲ್ಲ. ಸೈಕಲ್ ಅಂಗಡಿಯವನು ಸುತ್ತಿಗೆ ನಿಲ್ಲಿಸಿದಾಗ ನನಗೇ ಗಾಬರಿಯಾಗುತ್ತದೆ, ಅವಳು ಮಾತ್ರ ಓದಿಕೊಂಡಿರುತ್ತಾಳೆ.

ನೀವು ಮಾಡಿದ್ದು ಸಣ್ಣದಲ್ಲ. ಅದನ್ನು ಬರೆಯಲು ನನಗೆ ಬರುವುದಿಲ್ಲ.

ಚೂಟಿಯ ಅಮ್ಮ


ಅಕ್ಟೋಬರ್ ೯

ಇವಳೇ,

ಅಕ್ಕ ಹೋದಳು. ಮಂಗಳವಾರ ಬೆಳಗ್ಗೆ. ಹಲ್ಲುಜ್ಜಿಸಿ, ಬಾಚಣಿಗೆ ತರಲು ಹೋದೆ. ಬರುವಷ್ಟರಲ್ಲಿ ಇರಲಿಲ್ಲ. ಎಲ್ಲ ಮುಗಿಸಿ ಬಂದು ಅವಳ ಹಾಸಿಗೆಯನ್ನು ಬಿಸಿಲಿಗೆ ಹಾಕಿದೆ. ಅಭ್ಯಾಸಬಲ, ರಾತ್ರಿ ಎರಡು ಗಂಟೆಗೆ ಮಗ್ಗುಲು ಬದಲಿಸಲು ಎದ್ದೆ.

ಈಗ ನನ್ನನ್ನು ಇಲ್ಲಿ ಹಿಡಿದಿಡುವುದು ಏನೂ ಇಲ್ಲ. ಹತ್ತೊಂಬತ್ತಕ್ಕೆ ಅಲ್ಲಿರಬೇಕೆಂದು ಮರುದಿನವೇ ನಿಮ್ಮ ರಾಯಭಾರ ಕಚೇರಿಗೆ ಹೋದೆ. ಕಿಟಕಿಯ ಹಿಂದೆ ಒಬ್ಬಳು ಹುಡುಗಿ. "ಯಾರನ್ನ ನೋಡೋಕೆ?" ಎಂದಳು. "ಹೆಂಡತಿ, ಮಗಳು" ಎಂದೆ. ಕಾಗದ ತಿರುವಿ ನೋಡಿದಳು. "ಹೆಂಡತಿ ಅಂತ ಇಲ್ವಲ್ಲ ಸರ್. ಮಗುವಿನ ಹಕ್ಕೂ ನಿಮ್ಮ ಹತ್ರ ಇಲ್ಲ. ಯಾಕೆ ಬಿಟ್ಟುಕೊಟ್ರಿ?"

"ಅವಳಿಗೆ ಕಿವಿ ಕೇಳ್ಸಲಿ ಅಂತ."

ಅವಳು ನನ್ನನ್ನೇ ನೋಡಿದಳು. "ಅದನ್ನ ಬರೆಯೋಕೆ ಈ ಅರ್ಜೀಲಿ ಜಾಗ ಇಲ್ಲ" ಎಂದಳು. ಕೆಟ್ಟವಳಲ್ಲ, ಕುಡಿಯಲು ನೀರು ತರಿಸಿಕೊಟ್ಟಳು.

ಸಂಬಂಧಿಕರಲ್ಲದವರು ಬರಬೇಕಾದರೆ ಅವರ ಆದಾಯ ನಿಮ್ಮ ದೇಶದ ತಲಾ ಆದಾಯದ ಅರ್ಧಕ್ಕಾದರೂ ಸಮ ಇರಬೇಕು. ಆ ಅಂಕಿಯನ್ನು ಅವಳು ಪುಸ್ತಕದಲ್ಲಿ ಹುಡುಕುತ್ತಿದ್ದಳು. ನಾನೇ ಬಾಯಲ್ಲಿ ಹೇಳಿದೆ. ಸರಿಯಾಗಿತ್ತು. ನನ್ನ ಸಂಬಳ ಅರ್ಧಕ್ಕೆ ಸ್ವಲ್ಪ ಕಡಿಮೆ ಬಿತ್ತು.

ಹತ್ತೊಂಬತ್ತರಂದು ಚೂಟಿಯನ್ನು ಒಳಗೆ ಕರೆದೊಯ್ಯುವಾಗ ಕೈ ಹಿಡಿದುಕೊಂಡಿರು. ಹೇಳಬೇಕಾಗಿಲ್ಲ, ಗೊತ್ತು.

ಜುಲೈಯಲ್ಲಿ ಕೇಳಿದ್ದಕ್ಕೆ ನೀನು ಉತ್ತರ ಬರೆದಿಲ್ಲ.

ನಾನು


ನವೆಂಬರ್ ೩೦

ರೀ,

ಅಕ್ಕನ ಸುದ್ದಿ ಓದಿ ಎರಡು ದಿನ ಕೆಲಸಕ್ಕೆ ಹೋಗಲಿಲ್ಲ. ನಾನು ಆ ಮನೆಗೆ ಬಂದ ಮೊದಲ ದಿನ, "ಇವನು ಮಾತಾಡಲ್ಲ ಕಣೆ, ನೀನೇ ಇವನ ಪರವಾಗಿ ಮಾತಾಡಿ ನೀನೇ ಉತ್ತರ ಹೇಳ್ಕೋಬೇಕು" ಎಂದಿದ್ದಳು. ಅಷ್ಟು ವರ್ಷ ಹಾಗೇ ಮಾಡಿದೆ.

ಶಸ್ತ್ರಚಿಕಿತ್ಸೆ ಚೆನ್ನಾಗಿ ಆಯಿತು. ಗಾಯ ಒಣಗಿದ ಮೇಲೆ, ಮೊನ್ನೆ, ಯಂತ್ರ ಚಾಲೂ ಮಾಡಿದರು. ಡಾಕ್ಟರಮ್ಮ ಮೇಜಿನ ಮೇಲೆ ಪೆನ್ಸಿಲ್ ಬೀಳಿಸಿದರು. ಚೂಟಿ ಎರಡೂ ಕೈಯಿಂದ ತಲೆ ಹಿಡಿದುಕೊಂಡು ಚೀರಿದಳು. ಆಮೇಲೆ ಆ ಪೆನ್ಸಿಲನ್ನು ಎತ್ತಿ ತಾನೇ ಬೀಳಿಸಿದಳು. ಮತ್ತೆ ಎತ್ತಿದಳು, ಮತ್ತೆ ಬೀಳಿಸಿದಳು. ನನ್ನ ಮಾತು ಇನ್ನೂ ಅವಳಿಗೆ ಕಾಗೆ ಕೂಗಿದಂತೆ ಕೇಳುತ್ತದಂತೆ. ನಿಧಾನವಾಗಿ ಸರಿಹೋಗುತ್ತದೆ ಎನ್ನುತ್ತಾರೆ.

ಇನ್ನು ನಿಮ್ಮ ಪ್ರಶ್ನೆ. ನಾವು ಮತ್ತೆ ಮದುವೆಯಾದರೆ ಚೂಟಿಯ ಪೌರತ್ವವನ್ನು ಮತ್ತೆ ಪರಿಶೀಲಿಸುತ್ತಾರಂತೆ. ಅವಳು ದೊಡ್ಡವಳಾಗುವ ತನಕ ಆ ಭಯ ಇದ್ದದ್ದೇ. ಇದನ್ನೇ ಕಾರಣವೆಂದು ಬರೆದು ಕಾಗದ ಮಡಚಬಹುದಿತ್ತು. ನಿಮಗೆ ಸುಳ್ಳು ಬರೆಯಲು ಮನಸ್ಸಾಗಲಿಲ್ಲ.

ನನಗೆ ಇಲ್ಲಿ ಕೆಲಸ ಕಾಯಂ ಆಗಿದೆ. ಬೇರೆ ಯಾರೂ ಇಲ್ಲ, ಹಾಗೆ ತಿಳಿಯಬೇಡಿ. ಆದರೆ ಎಷ್ಟೋ ವರ್ಷದ ಮೇಲೆ ನನಗೆ ನಿದ್ದೆ ಬರುತ್ತಿದೆ. ಔಷಧಿ ಸಿಗುತ್ತದೋ ಇಲ್ಲವೋ, ದೀಪ ಹೋಗುತ್ತದೋ ಎಂದು ಬೆಚ್ಚಿ ಏಳುವುದಿಲ್ಲ. ನಿಮ್ಮ ಗೆರೆ ನಾಳೆ ನಮ್ಮದಕ್ಕಿಂತ ಮೇಲೆ ಹೋದರೂ ನಾನು ಹಿಂದಕ್ಕೆ ಬರಲಾರೆ. ನೀವು ಇಲ್ಲಿಗೆ ಬಂದರೆ ಬಾಗಿಲು ತೆಗೆಯುತ್ತೇನೆ. ಹೆಂಡತಿಯಾಗಿ ತೆಗೆಯುತ್ತೇನೋ ಇಲ್ಲವೋ ಗೊತ್ತಿಲ್ಲ.

ಇಷ್ಟು ಬರೆಯಲು ತಿಂಗಳಾಯಿತು.

ಚೂಟಿಯ ಅಮ್ಮ


ಜನವರಿ ೧೪

ಚೂಟಿಯ ಅಮ್ಮನಿಗೆ,

ನಿನ್ನ ಕಾಗದ ಬಂದಿದೆ. ಓದಿದ್ದೇನೆ. ಅದರ ಬಗ್ಗೆ ನೀನು ಇನ್ನೇನೂ ಬರೆಯಬೇಕಾಗಿಲ್ಲ. ನಿದ್ದೆ ಬರುತ್ತಿರುವುದು ಒಳ್ಳೆಯದಾಯಿತು.

ಮೊನ್ನೆಯ ಫೋನಿನ ವಿಷಯಕ್ಕೆ ಬರೆಯುತ್ತಿದ್ದೇನೆ. ಚೂಟಿಗೆ ಏನೂ ಅನ್ನಬೇಡ. ಅಭ್ಯಾಸಕ್ಕೆ ಫೋನು ಮಾಡಿಸಿ ನೋಡಿ ಎಂದು ಅವಳಿಗೆ ಕೇಳುವ ತರಬೇತಿ ಕೊಡುವ ಮೇಡಂ ಹೇಳಿದರೆಂದು ನೀನೇ ಹೇಳಿದೆ. ಅವಳು ಚೆನ್ನಾಗಿಯೇ ಮಾತಾಡಿದಳು. ನಾನು "ಚೂಟಿ" ಎಂದೆ. "ನೀವು ಯಾರು?" ಎಂದಳು. "ಅಪ್ಪ" ಎಂದೆ. "ಯಾರ ಅಪ್ಪ?" ಎಂದಳು. ಆಮೇಲೆ, "ಅಮ್ಮ, ಯಾರೋ ಗಂಡಸರು" ಎಂದು ನಿನ್ನ ಕೈಗೆ ಕೊಟ್ಟಳು. ನೀನು ಬೈದದ್ದು, ಅವಳು ಅತ್ತದ್ದು, ಎರಡೂ ನನಗೆ ಕೇಳಿಸಿತು. ಯಂತ್ರಕ್ಕೆ ನನ್ನ ಧ್ವನಿಯ ಪರಿಚಯವಿಲ್ಲ, ಅವಳ ತಪ್ಪೇನಿದೆ?

ಒಂದು ಕ್ಯಾಸೆಟ್ ಕಳಿಸುತ್ತಿದ್ದೇನೆ. ದಿನಾ ಸ್ವಲ್ಪ ಸ್ವಲ್ಪ ಹಾಕು, ರೂಢಿಯಾಗುತ್ತದೆ. ಮೈಕಿನ ಮುಂದೆ ಕೂತು ಏನು ಮಾತಾಡಬೇಕೋ ತೋಚಲಿಲ್ಲ. ಕೊನೆಗೆ ನಮ್ಮ ಎರಡು ದೇಶಗಳ ಪಟ್ಟಿಯನ್ನೇ, ಅವಳು ಹುಟ್ಟಿದ ವರ್ಷದಿಂದ ಹಿಡಿದು, ನಿಧಾನವಾಗಿ ಓದಿದ್ದೇನೆ. ಅಂಕಿಗಳು ಕಿವಿಗೆ ಸುಲಭ ಎಂದು ಎಲ್ಲೋ ಓದಿದ ನೆನಪು.

ಚೂಟಿಯ ಅಪ್ಪ


ಫೆಬ್ರವರಿ ೨೩

ಅಪ್ಪ,

ಕ್ಯಾಸೆಟ್ ಬಂತು. ದಿನಾ ಕೇಳಿದೆ. ನೀನು ಓದಿದ ಅಂಕಿಗಳನ್ನೆಲ್ಲ ಬರೆದುಕೊಂಡು ಅಮ್ಮನಿಗೆ ತೋರಿಸಿದೆ, ಎರಡೇ ಎರಡು ತಪ್ಪು. ಮೊದಲ ಸಲ ಹಾಕಿದಾಗ ಅಮ್ಮ ಸ್ವಲ್ಪ ಹೊತ್ತು ಕೇಳಿ, ಬಟ್ಟೆ ಒಣಗಿಹಾಕಬೇಕು ಎಂದು ತಾರಸಿಗೆ ಹೋದಳು. ಬಟ್ಟೆ ಇಲ್ಲೇ ಇತ್ತು.

ತರಬೇತಿಯ ಮೇಡಂ ಕೇಳಿ, ಇಷ್ಟು ಬಿಡಿಸಿ ಬಿಡಿಸಿ ಮಾತಾಡುವವರು ಸಿಗುವುದಿಲ್ಲ, ಬೇರೆ ಮಕ್ಕಳಿಗೂ ಕೊಡುತ್ತೀಯಾ ಎಂದರು. ಕೊಟ್ಟೆ. ಈಗ ಎಲ್ಲ ಮಕ್ಕಳೂ ಅದರಲ್ಲೇ ಅಂಕಿ ಕಲಿಯುತ್ತಾರೆ. ಒಬ್ಬ ಹುಡುಗ ನೀನು ರೇಡಿಯೋದವನಾ ಎಂದು ಕೇಳಿದ.

ಅವತ್ತು ಫೋನಿನಲ್ಲಿ ನನಗೆ ನಿಜವಾಗಿಯೂ ಗೊತ್ತಾಗಲಿಲ್ಲ. ಯಂತ್ರದಲ್ಲಿ ಎಲ್ಲರ ಧ್ವನಿಯೂ ಡಬ್ಬದೊಳಗಿಂದ ಬಂದ ಹಾಗಿರುತ್ತದೆ. ಅಮ್ಮನದು ಕೇಳಿ ಕೇಳಿ ಈಗ ಅದೇ ಅಮ್ಮನ ಧ್ವನಿ ಆಗಿಬಿಟ್ಟಿದೆ, ಹಳೆಯದು ಹೇಗಿತ್ತೋ ನೆನಪೇ ಆಗುವುದಿಲ್ಲ.

ಅಪ್ಪ, ನಿನ್ನ ಹಳೆಯ ಧ್ವನಿ ನನ್ನ ಹತ್ತಿರ ಇನ್ನೂ ಇದೆ. ಎರಡೂ ಕಿವಿ ಹೋದಾಗಲೂ ಅದು ತಲೆಯೊಳಗೆ ಇತ್ತು. ಈ ಕ್ಯಾಸೆಟ್ ಕೇಳುತ್ತಾ ಹೋದ ಹಾಗೆ ಅದು ಅಳಿಸಿಹೋಗುತ್ತಿದೆ. ಅದಕ್ಕೆ ಇನ್ನು ನಾನು ಕೇಳುವುದಿಲ್ಲ ಎಂದು ಅಮ್ಮನಿಗೆ ಹೇಳಿದೆ. ನಿನಗೆ ಬೇಜಾರಾಗಬಾರದು.

ಫೋನೂ ಬೇಡ. ಕಾಗದವನ್ನೇ ಬರೆ, ಉದ್ದವಾಗಿ ಬರೆ. ಓದುವಾಗ ನಿನ್ನ ಧ್ವನಿಯಲ್ಲೇ ಓದಿಕೊಳ್ಳುತ್ತೇನೆ.

ಚೂಟಿ